ಜಮಖಾನೆಯ ಮೇಲಿನ ಬಿಲ್ಲು

ಕೌದಿಗಳನ್ನು ಎತ್ತಿಡಲು ಕಳೆದ ವಾರ ಗರಾಜಿನಲ್ಲಿ ಒಂದು ಡಬ್ಬ ಹುಡುಕುತ್ತಿದ್ದೆ. ಮೇಲಿನ ಹಲಗೆಯ ಮೂಲೆಯಲ್ಲಿ, ಎರಡೂ ಕಡೆ ಕೊಂಡಿ ಹಾಕುವ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬವೊಂದಿತ್ತು. ಖಾಲಿಯೆಂದುಕೊಂಡು ಇಳಿಸಿ ತೆರೆದೆ. ತಳದಲ್ಲಿ ಒಣಗಿ ಸುರುಟಿದ ಒಂದಿಷ್ಟು ಎಲೆಗಳಿದ್ದವು. ಪಲಾವಿಗೆ ಹಾಕುವ ಎಲೆಯನ್ನೇ ಹೋಲುವ, ಆದರೆ ಅದಕ್ಕಿಂತ ಬಹಳ ಘಾಟಾದ ವಾಸನೆ. ಈ ಕಡೆಯ ಬೆಟ್ಟಗಳಲ್ಲಿ ಹಳ್ಳದ ಗುಂಟ ತಾನಾಗಿ ಬೆಳೆಯುವ ಮರದ್ದು. ಇಷ್ಟು ವರ್ಷ ಮುಚ್ಚಿಟ್ಟಿದ್ದರೂ ಅದು ಆರಿರಲಿಲ್ಲ. ಮೂಗು ಉರಿದು ಸೀನಿದೆ. ಅದರ ಬೆನ್ನಿಗೇ ಒಂದು ಮಾತು ಕೇಳಿದಂತಾಯಿತು: "ಬಟ್ಟಿಗೆ ಮನೀ ವಾಸನಿ ಇರಬಾರದವಾ. ಬೆಟ್ಟದ ವಾಸನಿ ಇರಬೇಕು."

ಕೇಳಿದಂತಾಯಿತು ಎಂದು ಬರೆದೆ. ಅವರು ಇವೇ ಪದಗಳಲ್ಲಿ ಹೇಳಿದ್ದರೋ, ಅಥವಾ ಬೇರೆ ಬೇರೆ ದಿನ ಹೇಳಿದ್ದನ್ನು ನಾನೇ ಒಂದು ಸಾಲಾಗಿ ಹೆಣೆದುಕೊಂಡಿದ್ದೇನೋ, ಹೇಳಲಾರೆ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದಿದ್ದೇನೆ. ಹಳೆಯ ಪುಟಗಳನ್ನು ತೆರೆದಾಗಲೆಲ್ಲ ನನ್ನ ನೆನಪಿನ ಮೇಲೆ ನನಗಿರುವ ನಂಬಿಕೆ ಇನ್ನಷ್ಟು ಕಡಿಮೆಯಾಗುತ್ತದೆ. ಮಳೆ ಬಂತೆಂದು ನೆನಪಿರುವ ದಿನ ಬಿಸಿಲಿದ್ದದ್ದು, ಅಳಲಿಲ್ಲವೆಂದುಕೊಂಡ ದಿನ ಅತ್ತದ್ದು ಅಲ್ಲಿರುತ್ತದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಬಂದು ಸೇರಿದ್ದು ಎಂಬುದು ನನಗೂ ಪೂರ್ತಿ ಗೊತ್ತಿಲ್ಲ. ಆ ಡಬ್ಬ ಪಕ್ಕದ ಮನೆಯ ಚಾಚಾ ಅವರದು, ಅವರು ಈಗ ಇಲ್ಲ. ಇಷ್ಟಂತೂ ನಿಜ.

ಗಂಡನಿಂದ ಬೇರೆಯಾದ ವರ್ಷ ನಾನು ಈ ಊರಿಗೆ, ಮಾರ್ಗನ್ ಹಿಲ್‌ಗೆ ಬಂದೆ. ಸಾಂಟಾ ಕ್ಲಾರಾದ ಆಫೀಸಿನಿಂದ ಫ್ರೀವೇಯಲ್ಲಿ ಬಹಳ ದೂರ, ಆದರೆ ನನ್ನೊಬ್ಬಳ ಸಂಬಳಕ್ಕೆ ಒಂದು ಮನೆ ಸಿಕ್ಕುತ್ತಿದ್ದದ್ದು ಇಲ್ಲಿಯೇ. ಬಂದ ಹೊಸತರಲ್ಲಿ ಒಂದು ಸಂಜೆ ಹಿತ್ತಲಲ್ಲಿ ನಿಂತು ಧಾರವಾಡದ ಅಕ್ಕನ ಜೊತೆ ಫೋನಿನಲ್ಲಿ ಜೋರಾಗಿ ಜಗಳವಾಡುತ್ತಿದ್ದೆ. ಬೇಲಿಯ ಆಚೆಯಿಂದ ಬಿಳಿ ಗಡ್ಡದ ಒಂದು ಮುಖ ಮೇಲೆದ್ದಿತು.

"ಯಾವೂರವಾ ನಿಂದು?"

"ಧಾರವಾಡ್ರಿ."

"ನಾವು ಬಿಜಾಪುರದವರು. ನಿನ್ನ ಬೈಗುಳ ಕೇಳಿ ಒಲಿ ಮ್ಯಾಲಿನ ಚಾ ಬಿಟ್ಟು ಓಡಿ ಬಂದೀನಿ. ಎಷ್ಟು ವರ್ಷ ಆಗಿತ್ತು ಇಂಥಾ ಬೈಗುಳ ಕೇಳಿ!"

ಒಳಗಿನಿಂದ ಹೆಂಗಸಿನ ದನಿಯೊಂದು ಚಹಾ ಉಕ್ಕಿ ಒಲೆಯೆಲ್ಲ ಹಾಳಾಯಿತೆಂದು ಉರ್ದುವಿನಲ್ಲಿ ಕೂಗಿ, ಬೇಲಿಯ ಮೇಲೆ ನನ್ನ ಮುಖ ಕಂಡೊಡನೆ ಕನ್ನಡಕ್ಕೆ ತಿರುಗಿತು: "ಬಾರವಾ ಒಳಗ. ಉಳಿದದ್ದು ಎರಡು ಕಪ್ ಆಗ್ತದ. ಇವರಿಗೆ ಇಲ್ಲ." ಅವರು ಚಾಚಿ. ಅಂದಿನಿಂದ ನನಗೆ ಆ ಮನೆಗೆ ಮುಂಬಾಗಿಲು ಎಂಬುದೇ ಇರಲಿಲ್ಲ. ಬೇಲಿಯ ಒಂದು ಹಲಗೆಯನ್ನು ಚಾಚಾ ಕಿತ್ತು ದಾರಿ ಮಾಡಿಕೊಟ್ಟಿದ್ದರು.

ಚಾಚಾ ಒಂದು ಚಿಪ್ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದವರು. ಅಲ್ಲಿಯ ಗೆಳೆಯನೊಬ್ಬ ಅವರಿಗೆ ಬಿಲ್ಲು ಹಿಡಿಯುವುದನ್ನು ಕಲಿಸಿದ್ದ. ಆ ಗೆಳೆಯನ ಮನೆತನದವರಿಗೆ ಊರಿನ ಪೂರ್ವದ ಬೆಟ್ಟಗಳ ಹಿಂದೆ ದನ ಮೇಯಿಸುವ ದೊಡ್ಡ ರ‍್ಯಾಂಚು ಇತ್ತು. ಜುಲೈಯಲ್ಲಿ ಬಿಲ್ಲಿನ ಬೇಟೆಗೆಂದೇ ಸರ್ಕಾರ ಕೆಲವು ವಾರ ಬಿಡುತ್ತದೆ; ಆಗ ಚಾಚಾ ಅಲ್ಲಿಗೆ ಹೋಗುತ್ತಿದ್ದರು. ಸಿಕ್ಕರೆ ಒಂದು ಜಿಂಕೆ, ಸಿಗದಿದ್ದರೆ ಇಲ್ಲ. ಬಾಣ ಬಿಡುವ ಗಳಿಗೆಯಲ್ಲಿ ಬಿಸ್ಮಿಲ್ಲಾ ಎನ್ನಬೇಕು. ಹತ್ತಿರ ಹೋದಾಗ ಇನ್ನೂ ಉಸಿರಿದ್ದರೆ ಚಾಕು ತಡಮಾಡಬಾರದು. ಇಷ್ಟನ್ನು ಅವರು ಮಗ್ಗಿಯಂತೆ ಹೇಳುತ್ತಿದ್ದರು. ತಂದ ಮಾಂಸವನ್ನು ಬಕ್ರೀದಿನಲ್ಲಿ ಮಾಡುವ ಹಾಗೆಯೇ ಮೂರು ಪಾಲು ಮಾಡಿ, ಒಂದನ್ನು ನೆಂಟರಿಗೆ ನೆರೆಯವರಿಗೆ ಕಳಿಸುತ್ತಿದ್ದರು. ನಾನು ಮಾಂಸ ಮುಟ್ಟದ ಮನೆಯವಳು. ನನ್ನ ಪಾಲಿನ ಬದಲಿಗೆ ಚಾಚಿ ಒಂದು ಬಾಟಲಿ ಶೇಂಗಾ ಹಿಂಡಿ ಕುಟ್ಟಿ ತಂದು, "ನಿನ್ನ ಜಿಂಕಿ ತಗೋ" ಎಂದು ಕೈಯಲ್ಲಿಡುತ್ತಿದ್ದರು.

ಬಂದೂಕಿನವನು ದೂರ ನಿಂತು ಹೊಡೆಯಬಹುದು, ಬಿಲ್ಲಿನವನು ಜಿಂಕೆಯ ಕಣ್ಣಿನ ರೆಪ್ಪೆ ಕಾಣುವಷ್ಟು ಹತ್ತಿರ ಹೋಗಬೇಕು. ಹಾಗಾಗಿ ಬಿಲ್ಲಿನ ಬೇಟೆಯ ಸಾಮಾನು ಎಂದರೆ ಮುಖ್ಯವಾಗಿ ಏನನ್ನು ಒಯ್ಯಬಾರದು ಎಂಬ ಲೆಕ್ಕ. ವಾಸನೆ ಬರುವುದು ಬೇಡ, ಸದ್ದು ಮಾಡುವುದು ಬೇಡ, ಹೊಳೆಯುವುದು ಬೇಡ. ಇದನ್ನು ಚಾಚಿ ಮೊದಲ ವರ್ಷವೇ ತಪ್ಪು ಮಾಡಿ ಕಲಿತಿದ್ದರಂತೆ. ಗಂಡ ಮೊದಲ ಸಲ ದೊಡ್ಡ ಕೆಲಸಕ್ಕೆ ಹೊರಟಿದ್ದಾರೆಂದು ಬೇಟೆಯ ಅಂಗಿ ಪ್ಯಾಂಟುಗಳನ್ನು ನೀಲಿ ಹಾಕಿ ಒಗೆದು, ಗೆರೆ ಬೀಳುವ ಹಾಗೆ ಇಸ್ತ್ರಿ ಮಾಡಿ, ಜೇಬಿನಲ್ಲಿ ಅತ್ತರಿನ ಹತ್ತಿ ಇಟ್ಟು ಕಳಿಸಿದ್ದರು. ನೀಲಿ ಹಾಕಿದ ಬಟ್ಟೆ ಜಿಂಕೆಯ ಕಣ್ಣಿಗೆ ದೀಪದ ಹಾಗೆ ಹೊಳೆಯುತ್ತದಂತೆ. "ಇಡೀ ಬೆಟ್ಟದ ಜಿಂಕಿಗೋಳು ನನ್ನ ನೋಡಿ, ಯಾರದೋ ನಿಕಾಹ್ ಅದ ಅಂತ ದಾರಿ ಬಿಟ್ಟು ನಿಂತಿದ್ವು" ಎಂದು ಚಾಚಾ ಪ್ರತಿ ವರ್ಷ ಹೇಳುತ್ತಿದ್ದರು. ಚಾಚಿ ಪ್ರತಿ ವರ್ಷ ಮುನಿಸಿಕೊಳ್ಳುತ್ತಿದ್ದರು.

ಆಮೇಲಿನ ವರ್ಷಗಳಲ್ಲಿ ಬೇಟೆಯ ಬಟ್ಟೆ ಬರಿ ನೀರಿನಲ್ಲಿ ನೆನೆದು, ಹಿತ್ತಲಲ್ಲಿ ಒಣಗಿ, ಬೆಟ್ಟದಿಂದ ತಂದ ಎಲೆಗಳ ಜೊತೆ ಆ ಡಬ್ಬ ಸೇರುತ್ತಿತ್ತು. ಸೀಸನ್ನಿನ ಮುಂಚಿನ ಕೆಲವು ದಿನ ಚಾಚಾ ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿಡುತ್ತಿದ್ದರು. ಆಗ ಊಟ ನಮ್ಮ ಮನೆಯದು. "ನಿಮ್ಮ ಮಡಿ ಅಡಗಿ ಇದಕ್ಕರೆ ಉಪಯೋಗ ಆತು ನೋಡು. ಜಿಂಕಿಗೆ ಗೊತ್ತ ಆಗೂದಿಲ್ಲ, ಯಾವನೋ ಆಚಾರ್ಯ ಹೊಂಟಾನ ಅಂತ ತಿಳೀತಾವು" ಎಂದು ನಗುತ್ತ ಸಪ್ಪೆ ಸಾರು ಸುರಿದುಕೊಳ್ಳುತ್ತಿದ್ದರು. ಹಿಂಗು ಹಾಕಿದ್ದರೆ ಮಾತ್ರ ತಟ್ಟೆ ದೂಡುತ್ತಿದ್ದರು. ನನ್ನ ಅಜ್ಜಿ ಬದುಕಿದ್ದು ತನ್ನ ಅಡುಗೆ ಎಂಥ ಕೆಲಸಕ್ಕೆ ಬಂತೆಂದು ಕೇಳಿದ್ದರೆ...

ಚೀಲ ಕಟ್ಟಲು ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಗರಾಜಿನ ನೆಲದ ಮೇಲೆ ಊರಿನಿಂದ ತಂದ ಪಟ್ಟೆಪಟ್ಟೆಯ ಜಮಖಾನೆ ಹಾಸಿ, ಇದ್ದಬದ್ದ ಸಾಮಾನನ್ನೆಲ್ಲ ಅದರ ಮೇಲೆ ಹರಡುವುದು. ಚಾಚಿ ಸ್ಟೂಲಿನ ಮೇಲೆ ಕೂರುವುದು. ಚಾಚಾ ಒಂದೊಂದನ್ನೇ ಎತ್ತಿ ಹಿಡಿದು, ಅದು ಏಕೆ ಬೇಕೆಂದು ವಾದಿಸುವುದು. ಚಾಚಿ "ಇರಲಿ" ಎಂದರೆ ಚೀಲಕ್ಕೆ, "ಬ್ಯಾಡ" ಎಂದರೆ ಹಿಂದಕ್ಕೆ. ಮೇಲೆ ಅಪೀಲಿಲ್ಲ. ಬಾಣ ಬತ್ತಳಿಕೆಗಳಿಂದ ಹಿಡಿದು ಕಾಲುಚೀಲದವರೆಗೆ ಎಲ್ಲಕ್ಕೂ ಇದೇ ವಿಚಾರಣೆ. ಒಂದು ಸಲ ನಾನು ನಡುವೆ ಬಾಯಿ ಹಾಕಿ, ಬೇಟೆಗೆ ಹೋಗುವವರು ಅವರು, ಏನು ಬೇಕೆಂದು ಅವರಿಗಲ್ಲವೇ ಗೊತ್ತಿರುವುದು ಎಂದು ಕೇಳಿದ್ದೆ. ಚಾಚಿ ನನ್ನನ್ನು ಕನಿಕರದಿಂದ ನೋಡಿದರು.

"ಹೋಗೋರಿಗೆ ಎಲ್ಲಾ ಬೇಕನಸ್ತದ. ಬಿಟ್ಟು ಹೋಗು ಅನ್ನಾಕ ಮನ್ಯಾಗ ಇರೋರೇ ಬೇಕು."

ಚಾಚಿ ತೀರಿಕೊಂಡ ವರ್ಷ ಚಾಚಾ ಬೆಟ್ಟಕ್ಕೆ ಹೋಗಲಿಲ್ಲ. ಮನೆಯ ಹೊರಗೂ ಹೆಚ್ಚು ಬರಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬೇಲಿಯ ಸಂದಿಯಿಂದ ಕರೆದರು. "ಸ್ವಲ್ಪ ಬಾರವಾ ಈ ಕಡೆ." ಹೋದೆ. ಜಮಖಾನೆ ಹಾಸಿತ್ತು. ಸಾಮಾನೆಲ್ಲ ಹರಡಿತ್ತು. ಚಾಚಾ ಅದರ ನಡುವೆ, ಬಸ್ಸು ತಪ್ಪಿದವರ ಹಾಗೆ ನಿಂತಿದ್ದರು. ಖಾಲಿ ಸ್ಟೂಲನ್ನು ತೋರಿಸಿದರು. ನಾನು ಹಿಂಜರಿದೆ. ಜೀವ ತೆಗೆಯುವ ಕೆಲಸಕ್ಕೆ ಚೀಲ ಕಟ್ಟಿಕೊಡುವುದೆಂದರೆ ನಾನೂ ಅದರಲ್ಲಿ ಪಾಲುದಾರಳೇ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಆದರೆ ಅವರು ಒಂದು ವರ್ಷದ ಮೇಲೆ ಬೆಳಗಿನ ಹೊತ್ತು ಗಡ್ಡ ಬಾಚಿಕೊಂಡು ನಿಂತದ್ದನ್ನು ಅಂದೇ ನೋಡಿದ್ದು. ಕೂತೆ.

ಕೂತ ಮೇಲೆ ಅವರು ಇನ್ನೊಂದು ಮಾತು ಹೇಳಿದರು. ಮೊದಲ ವರ್ಷಗಳಲ್ಲಿ ಒಮ್ಮೆ ಅವರ ಬಾಣ ಸರಿಯಾಗಿ ನಾಟದೆ ಜಿಂಕೆಯೊಂದು ಗಾಯಗೊಂಡು ಓಡಿಹೋಗಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಎಲ್ಲಿಯೋ ಮುಳ್ಳುಕಂಟಿಯ ಕೆಳಗೆ ಮೆಲ್ಲಗೆ ಸತ್ತಿರಬೇಕು. ಆಮೇಲೆ ಚಾಚಿಯಿಂದ ಮಾತು ತೆಗೆದುಕೊಂಡಿದ್ದರಂತೆ: ಕೈ ಸೋಲುವ ಕಾಲ ಬಂದಾಗ ನನಗೆ ತಿಳಿಯುವುದಿಲ್ಲ, ನೀನೇ ಬಿಲ್ಲಿಗೂ ಬೇಡ ಅನ್ನಬೇಕು ಎಂದು. "ಅಂತೀನಿ ಅಂದಿದ್ಲು. ಅನ್ನೂದರೊಳಗ ತಾನೇ ಹೋದ್ಲು. ಈಗ ಅಲ್ಲಿ ಕೂತಾಕಿ ನೀನು." ಅಂದು ಅದನ್ನು ನಾನು ದೂರದ ಮಾತೆಂದುಕೊಂಡೆ. ಆ ಬೆಳಿಗ್ಗೆ ಅವರು ಒಂದು ಬಣ್ಣದ ಟೋಪಿಗಾಗಿ ನನ್ನ ಹತ್ತಿರ ಸುಮಾರು ಹೊತ್ತು ವಾದಿಸಿ ಸೋತರು.

ಹೀಗೆ ಕೆಲವು ಬೇಸಿಗೆಗಳು ನಡೆದವು. ನಾನು ಕೆಲಸ ಕಲಿತೆ. ಚರ್ರೆಂದು ಬಿಚ್ಚುವ ಪಟ್ಟಿಯಿರುವುದೆಲ್ಲ ಬೇಡ. ಅದರ ಜಾಗಕ್ಕೆ ಹಳೆಯ ಲುಂಗಿಯ ಹರಕು. ಬೂಟಿನ ಮೇಲೆ ಎಳೆದುಕೊಳ್ಳುವ ಉಣ್ಣೆಯ ಕಾಲುಚೀಲ ಬೇಕು. ಗಾಳಿ ಯಾವ ಕಡೆ ಇದೆ ಎಂದು ನೋಡಲು ಪುಡಿ ಹಾರಿಸುವ ಪುಟ್ಟ ಬಾಟಲಿ ಬೇಕು, ಆದರೆ ಅದರಲ್ಲಿ ಮುಖದ ಪೌಡರು ಬೇಡ. ಮಾಂಸ ಕಟ್ಟಿ ತರಲು ಚಾಚಿ ಹಳೆಯ ದಿಂಬಿನ ಚೀಲಗಳಿಂದ ಹೊಲಿದಿಟ್ಟ ಗೌಸು ಬೇಕು. ಅವನ್ನು ನಾನು ಕಣ್ಣು ಬೇರೆ ಕಡೆ ಇಟ್ಟುಕೊಂಡು "ಇರಲಿ" ಎನ್ನುತ್ತಿದ್ದೆ. ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿದ್ದ ಅವರ ಮಗಳು ಕಳಿಸಿದ್ದ, ಎಲ್ಲಿದ್ದಾರೆಂದು ಅವಳಿಗೆ ತಿಳಿಸುವ ಯಂತ್ರವೊಂದಿತ್ತು. ಅದಕ್ಕೆ ವಾದ ಬೇಕಿರಲಿಲ್ಲ. "ಇದು ಸುಪ್ರೀಂ ಕೋರ್ಟು" ಎಂದು ಚಾಚಾ ಅದನ್ನು ಸುಮ್ಮನೆ ಚೀಲಕ್ಕೆ ಹಾಕುತ್ತಿದ್ದರು.

ಆ ವರ್ಷಗಳಲ್ಲಿ ಒಂದು ಸಣ್ಣ ಸಂಗತಿಯನ್ನು ನಾನು ಗಮನಿಸುತ್ತಿದ್ದೆ, ಗಮನಿಸದಂತೆಯೂ ಇದ್ದೆ. ಪ್ರತಿ ಬೇಸಿಗೆ ಚಾಚಾ ಬಿಲ್ಲಿನ ಬಿಗಿಯನ್ನು ಒಂದಿಷ್ಟು ಸಡಿಲ ಮಾಡುತ್ತಿದ್ದರು. ಅವರದು ತುದಿಗಳಲ್ಲಿ ಚಕ್ರವಿರುವ ಹೊಸ ಬಗೆಯ ಬಿಲ್ಲು. ತಿರುಪು ತಿರುಗಿಸಿದರೆ ಎಳೆಯುವುದು ಹಗುರವಾಗುತ್ತದೆ. ಬಲ ಭುಜ ನೋಯುತ್ತಿತ್ತು. ಬಿಗಿ ಇಳಿದಷ್ಟೂ ಬಾಣದ ಕಸುವು ಇಳಿಯುತ್ತದೆ, ಜಿಂಕೆಯ ಇನ್ನಷ್ಟು ಹತ್ತಿರ ಹೋಗಬೇಕಾಗುತ್ತದೆ. ಆದ್ದರಿಂದ ಚೀಲ ಪ್ರತಿ ವರ್ಷ ಸಣ್ಣದಾಗುತ್ತಿತ್ತು, ಅವರ ನೇಮಗಳು ಕಟ್ಟುನಿಟ್ಟಾಗುತ್ತಿದ್ದವು. ಬೇಟೆಯ ಕೊನೆಯ ಎರಡು ಸೀಸನ್ನು ಅವರು ಬರಿಗೈಯಲ್ಲಿ ಬಂದರು. "ಗಾಳಿ ತಿರುಗಿತು" ಎಂದರು.

ಕೊನೆಯ ವರ್ಷದ ಜೂನಿನಲ್ಲಿ ಮಗಳು ನನಗೆ ಫೋನು ಮಾಡಿದಳು. ಅವಳು ಇಲ್ಲಿಯೇ ಹುಟ್ಟಿದವಳು. ನಮ್ಮ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಬ್ಬಾನಿಗೆ ಹಾಲಿನ ಕ್ಯಾನು ಎತ್ತಲೂ ಆಗುತ್ತಿಲ್ಲ, ಡಾಕ್ಟರು ಭುಜದ ಬಗ್ಗೆ ಹೇಳಿದ್ದನ್ನು ಅವರು ನಿಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದಳು. "ಆಂಟಿ, ಹಿ ಲಿಸನ್ಸ್ ಟು ಯು. ಪ್ಲೀಸ್ ಸ್ಟಾಪ್ ಹಿಮ್."

ನಾನು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ವರ್ಷದ ಹನ್ನೊಂದು ತಿಂಗಳು ಆ ಮನೆಯಲ್ಲಿ ಟಿವಿಯ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಜೂನು ಬಂದೊಡನೆ ಬೇಲಿಯ ಆಚೆ ಬಾಣ ಹುಲ್ಲಿನ ಗುರಿಗೆ ನಾಟುವ ಟಪ್ ಎಂಬ ಸದ್ದು ಶುರುವಾಗುತ್ತಿತ್ತು. ಅಂಗಳದಲ್ಲಿ ಎಲೆ ಗುಡಿಸುತ್ತಿದ್ದರು, ಮಸೀದಿಗೆ ನಡೆದೇ ಹೋಗಿ ಬರುತ್ತಿದ್ದರು, ಅಡುಗೆಯಲ್ಲಿ ಉಪ್ಪು ಕಡಿಮೆಯೆಂದು ನನ್ನ ಜೊತೆ ಜಗಳ ತೆಗೆಯುತ್ತಿದ್ದರು. ಅದನ್ನು ನಾನು ನಿಲ್ಲಿಸಬೇಕೆ? ಇನ್ನೊಂದು ಕಡೆ, ಮುಳ್ಳುಕಂಟಿಯ ಕೆಳಗಿನ ಆ ಜಿಂಕೆ. ನಾನು ನೋಡಿರದ ಆ ಪ್ರಾಣಿ ಆ ತಿಂಗಳೆಲ್ಲ ನನ್ನ ಕಣ್ಣ ಮುಂದೆ ಇತ್ತು.

ಆ ಬೆಳಿಗ್ಗೆ ಗರಾಜಿನ ಬಾಗಿಲನ್ನು ಅರ್ಧ ಎತ್ತಿದ್ದರು. ಬಿಸಿಲು ಜಮಖಾನೆಯ ಅರ್ಧಕ್ಕೆ ಬಂದು ನಿಂತಿತ್ತು. ಮೊದಲು ದುರ್ಬೀನು ಬಂತು, "ಇರಲಿ." ಆಮೇಲೆ ಹಣೆಗೆ ಕಟ್ಟುವ ದೀಪ.

"ಸೂರ್ಯ ಮುಳುಗೂದರೊಳಗ ಬರ್ತೀನಿ ಅಂತ ಮಗಳಿಗೆ ಮಾತು ಕೊಟ್ಟೀರಿ. ದೀಪ ಯಾಕ?"

"ಮಾತು ತಪ್ಪಾಕ." ಕಣ್ಣು ಮಿಟುಕಿಸಿದರು. ದೀಪ ಉಳಿಯಿತು.

ಹೀಗೆ ಸುಮಾರು ಸಾಮಾನು ಮುಗಿದ ಮೇಲೆ ಚಾಚಾ ಬಿಲ್ಲನ್ನು ಎತ್ತಿಕೊಂಡರು. ಬೇರೆ ವರ್ಷಗಳಲ್ಲಿ ಅದು ಜಮಖಾನೆಗೆ ಬರುತ್ತಲೇ ಇರಲಿಲ್ಲ, ಗೋಡೆಯ ಗೂಟದಿಂದ ನೇರ ಕಾರಿಗೆ ಹೋಗುತ್ತಿತ್ತು. ಮಗುಚಿದ ಬಕೆಟಿನ ಮೇಲೆ, ಕಾಡಿನಲ್ಲಿ ಕೂರುವ ಹಾಗೆಯೇ ಕೂತರು. ಗುರಿಗೆ ಹೊಡೆಯುವ ಮೊಂಡು ಬಾಣವೊಂದನ್ನು ಹೂಡಿದರು. ಬಿಲ್ಲನ್ನು ಮೇಲೆತ್ತದೆ, ಇದ್ದಲ್ಲಿಯೇ ಎಳೆಯಬೇಕು. ಎತ್ತಿದರೆ ಜಿಂಕೆ ನೋಡಿಬಿಡುತ್ತದೆ. ಎಳೆದರು. ಅರ್ಧಕ್ಕೆ ಕೈ ನಿಂತಿತು. ಮತ್ತೆ ಎಳೆದರು. ಅಲ್ಲಿಯೇ ನಿಂತಿತು. ಮೂರನೆಯ ಸಲ ಬಿಲ್ಲನ್ನು ಸೂರಿನ ಕಡೆ ಎತ್ತಿ, ಇಡೀ ಮೈಯನ್ನು ಹಿಂದೆ ಒಗೆದು ಎಳೆದಾಗ ದಾರ ಕೆನ್ನೆಯವರೆಗೆ ಬಂತು. ಬಾಣದ ತುದಿ ನಡುಗುತ್ತಿತ್ತು. ಬಿಡಲಿಲ್ಲ. ಮೆಲ್ಲಗೆ ಸಡಿಲಿಸಿ, ಎದ್ದು, ಬಿಲ್ಲನ್ನು ಜಮಖಾನೆಯ ನಡುವೆ ಇಟ್ಟರು.

"ಹೂಂ. ಹೇಳು."

ನಾನು ವಾದಕ್ಕಾಗಿ ಕಾದೆ. ಒಂದು ಟೋಪಿಗೆ, ಒಂದು ದೀಪಕ್ಕೆ ಅಷ್ಟೊಂದು ಮಾತಾಡುವವರು. ಬೀದಿಯಲ್ಲಿ ಯಾರದೋ ಕಾರು ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು. ಚಾಚಾ ಬಿಲ್ಲನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ವಾದ ಇಲ್ಲೇನ್ರಿ ಚಾಚಾ?"

"ಇಲ್ಲವಾ."

"ಬ್ಯಾಡ."

ಅವರು ತಲೆಯಾಡಿಸಿದರು. ಬಿಲ್ಲನ್ನು ಎತ್ತಿ, ಬೇಡವಾದ ಸಾಮಾನಿನ ಕಡೆ, ಆ ಹಳೆಯ ಬಣ್ಣದ ಟೋಪಿಯ ಪಕ್ಕದಲ್ಲಿ ಇಟ್ಟರು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಇಷ್ಟೇ: ಬಿಲ್ಲು ಬೇಡ ಎಂದೆ. ಬಹಳ ಸೆಕೆ. ಆ ಹೊತ್ತಿನಲ್ಲಿ ನನ್ನೊಳಗೆ ಯಾರು ಆ ಮಾತನ್ನು ಆಡಿದರೆಂದು ಅಲ್ಲಿಲ್ಲ. ಮಗಳ ಸಂಕಟ ನೋಡಿ ಅಂದೆನೇ? ಚಾಚಿಯ ಬದಲಿಗೆ ಅಂದೆನೇ? ಅಥವಾ ಮಾಂಸ ಮುಟ್ಟದ ಮನೆಯಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಇಷ್ಟು ವರ್ಷ ಈ ಅವಕಾಶಕ್ಕೆ ಸ್ಟೂಲಿನ ಮೇಲೆ ಕಾದು ಕೂತಿದ್ದಳೇ? ಮೂರೂ ಸ್ವಲ್ಪ ಸ್ವಲ್ಪ ನಿಜವೆನಿಸುತ್ತದೆ. ಯಾವುದು ಎಷ್ಟು ಎಂಬುದು...

ಸ್ವಲ್ಪ ಹೊತ್ತಿನ ಮೇಲೆ ಚಾಚಾ, ಏನೂ ಆಗದವರ ಹಾಗೆ, ಚಾಕುವನ್ನು ಎತ್ತಿ ಹಿಡಿದರು.

"ಇದು?"

"ಬಿಲ್ಲೇ ಇಲ್ಲಂದ ಮ್ಯಾಲ ಚಾಕು ಯಾಕ್ರಿ?"

"ಮಾವಿನಹಣ್ಣು ಹೆಚ್ಚಾಕ. ಊರಿಂದ ಅಲ್ಲದಿದ್ರೂ ಅಂಗಡಿಯಿಂದ ಒಂದು ಪೆಟ್ಟಿಗಿ ತಂದೀನಿ."

ಆಗ ನನಗೆ ಅವರು ಹೊರಡುವುದನ್ನು ಬಿಟ್ಟಿಲ್ಲವೆಂದು ತಿಳಿಯಿತು. ಗರಗಸ, ಹಗ್ಗ, ದಿಂಬಿನ ಗೌಸು, ಬರ್ಫದ ಪೆಟ್ಟಿಗೆ ಎಲ್ಲ ಹಿಂದಕ್ಕೆ ಹೋದವು. ದುರ್ಬೀನು, ಕಾಲುಚೀಲ, ಗಾಳಿ ನೋಡುವ ಬಾಟಲಿ, ನೀರು ಉಳಿದವು. ಚೀಲ ಎಷ್ಟು ಹಗುರವಾಯಿತೆಂದರೆ ಅವರು ಅದನ್ನು ಎಡಗೈಯ ಒಂದು ಬೆರಳಿನಲ್ಲಿ ಎತ್ತಿ ತೋರಿಸಿದರು. ಒಳಗೆ ಹೋಗಿ ಫ್ಲಾಸ್ಕು ತಂದರು, ಎರಡು ಕಪ್ಪು ತಂದರು.

"ಎರಡು ಯಾಕ್ರಿ?"

"ನೀನೂ ಬಾ. ಈಗೇನು, ರಕ್ತ ಇಲ್ಲ, ಪಾಪ ಇಲ್ಲ. ಬರೇ ನೋಡೂದು." ಆಮೇಲೆ ನಗದೆ ಹೇಳಿದರು: "ಆದ್ರ ಸ್ಟೂಲಿನಿಂದ ಏಳು. ಹೋಗೋರು ಅದರ ಮ್ಯಾಲ ಕೂಡಬಾರದು."

ಫ್ಲಾಸ್ಕಿಗೆ ಏಲಕ್ಕಿ ಹಾಕಿದ ಚಹಾ ತುಂಬಲು ಹೊರಟವಳನ್ನು ತಡೆದರು. ಬಿಲ್ಲಿಲ್ಲದಿದ್ದರೂ ವಾಸನೆಯ ನೇಮ ಹಾಗೆಯೇ ಇತ್ತು. ಏಲಕ್ಕಿ ಬೇಡ, ಶುಂಠಿ ಬೇಡ; ಬರಿ ಹಾಲು ಸಕ್ಕರೆಯ ಸಪ್ಪೆ ಚಹಾ. ನನ್ನ ತಲೆಯ ಎಣ್ಣೆಯನ್ನೂ ಅವರು ಪತ್ತೆಹಚ್ಚಿದರು. ಮರುದಿನ ನಾನು ಚಾಚಿಯ ಹಳೆಯ ಅಂಗಿಯೊಂದನ್ನು ಹಾಕಿಕೊಂಡು ಹೊರಟೆ. ಹಿಂದಿನ ರಾತ್ರಿಯೇ ಚಾಚಾ ಅದನ್ನು ಎಲೆಗಳ ಜೊತೆ ಆ ಡಬ್ಬದಲ್ಲಿ ಇಟ್ಟಿದ್ದರು.

ರ‍್ಯಾಂಚಿನ ಗೇಟಿನಿಂದ ಮುಂದೆ ಕಾರು ಹೋಗುವುದಿಲ್ಲ. ನಡುಮಧ್ಯಾಹ್ನದ ಬಿಸಿಲು ಇಳಿದ ಮೇಲೆ ನಡೆದೆವು. ಹುಲ್ಲು ಒಣಗಿ ಬೆಟ್ಟವೆಲ್ಲ ಗೋಧಿಯ ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಓಕ್ ಮರದ ಕಪ್ಪು ನೆರಳು. ಕಾಲಿಟ್ಟಲ್ಲೆಲ್ಲ ಹುಲ್ಲು ಮುರಿಯುವ ಸದ್ದು ನನಗೆ ಪಟಾಕಿಯಂತೆ ಕೇಳುತ್ತಿತ್ತು. ಚಾಚಾ ಬೂಟಿನ ಮೇಲೆ ಉಣ್ಣೆ ಎಳೆದುಕೊಂಡು, ನಾನು ಎಂದೂ ಕಾಣದ ಬೇರೆ ಮನುಷ್ಯನಾಗಿ ನಡೆಯುತ್ತಿದ್ದರು. ಮನೆಯಲ್ಲಿ ಕುರ್ಚಿಯಿಂದ ಏಳಲು ಕೈ ಊರುವವರು. ಆಗಾಗ ನಿಂತು, ಬಾಟಲಿ ಒತ್ತಿ, ಬಿಳಿ ಪುಡಿ ಯಾವ ಕಡೆ ತೇಲುತ್ತದೆಂದು ನೋಡಿ, ಬೆರಳಲ್ಲಿ ನನಗೆ ದಾರಿ ತೋರಿಸುತ್ತಿದ್ದರು. ಕೊನೆಗೆ ಒಂದು ಒಣಗಿದ ಹಳ್ಳದ ದಂಡೆಯಲ್ಲಿ, ಬಿದ್ದ ಮರದ ಹಿಂದೆ ಕೂತೆವು. ಕೂತದ್ದು ಎಷ್ಟು ಹೊತ್ತೆಂದು ಗೊತ್ತಿಲ್ಲ. ಸಪ್ಪೆ ಚಹಾ ಕುಡಿದೆವು. ಮಾವಿನಹಣ್ಣಿನ ಪೆಟ್ಟಿಗೆ ವಾಸನೆಯ ದೆಸೆಯಿಂದ ಕಾರಿನಲ್ಲಿಯೇ ಉಳಿದಿತ್ತು.

ಸೂರ್ಯ ಬೆಟ್ಟದ ಅಂಚಿಗೆ ಬರುವ ಹೊತ್ತಿಗೆ ಚಾಚಾ ನನ್ನ ಮೊಣಕೈ ಮುಟ್ಟಿದರು. ಹಳ್ಳದ ಆಚೆಯ ನೆರಳಿನಿಂದ ಒಂದು ಗಂಡು ಜಿಂಕೆ ಬಂತು. ಕೊಂಬಿಗೆ ಹೊದ್ದ ತೊಗಲು ಇನ್ನೂ ಉದುರದೆ ಮಖಮಲ್ಲಿನಂತೆ ಇತ್ತು. ಅದು ತಲೆಯೆತ್ತಿ ಗಾಳಿಯನ್ನು ನೋಡಿತು, ನಮ್ಮ ಕಡೆಯೂ ನೋಡಿತು, ಏನೂ ತಿಳಿಯದೆ ತಲೆ ತಗ್ಗಿಸಿ ಉದುರಿದ ಓಕ್ ಎಲೆಗಳನ್ನು ಮೂಸುತ್ತ ಅಡ್ಡ ನಿಂತಿತು. ನನ್ನ ಉಸಿರೇ ನನಗೆ ಜೋರಾಗಿ ಕೇಳುತ್ತಿತ್ತು. ಚಾಚಾ ಅವರ ಕೈ ಎರಡೂ ಮಂಡಿಯ ಮೇಲೆ ಇದ್ದವು. ತುಟಿ ಮಾತ್ರ ಸಣ್ಣಗೆ ಅಲುಗಿತು. ಬಿಸ್ಮಿಲ್ಲಾ ಎಂದರೋ, ಬೇರೆ ಏನಾದರೂ ಅಂದರೋ, ಬರಿ ಒಣಗಿದ ತುಟಿ ಸವರಿಕೊಂಡರೋ. ನಾನು ಕೇಳಲಿಲ್ಲ.

ಜಿಂಕೆ ತನ್ನ ಪಾಡಿಗೆ ತಾನು ಮೇಯುತ್ತ ನೆರಳೊಳಗೆ ಹೋಯಿತು. ಅದು ಹೋದ ಬಹಳ ಹೊತ್ತಿನ ಮೇಲೆ ಚಾಚಾ ಅತ್ತ ಕಡೆಯೇ ನೋಡುತ್ತ ಹೇಳಿದರು:

"ದೂರ ಇತ್ತು. ಬಿಲ್ಲು ಇದ್ರೂ ಬಿಡತಿರಲಿಲ್ಲ."

ನಾನು ಹೂಂ ಎಂದೆ. ಕತ್ತಲಾಗುವ ಮುಂಚೆ ಇಳಿದು ಬಂದೆವು. ಕಾರಿನ ಬಾನೆಟ್ಟಿನ ಮೇಲೆ ಮಾವಿನಹಣ್ಣು ಹೆಚ್ಚಿ ತಿಂದೆವು. ಅವರು ಖುಷಿಯಾಗಿದ್ದರೆಂದು ನನಗೆ ನೆನಪು. ಹಾಗೆ ನೆನಪಿಟ್ಟುಕೊಳ್ಳುವುದು ನನಗೆ ಬೇಕಾಗಿತ್ತು ಎಂಬುದೂ ಗೊತ್ತು.

ಆ ಚಳಿಗಾಲ ಚಾಚಾ ತೀರಿಕೊಂಡರು. ಭುಜದಿಂದಲ್ಲ, ಹೃದಯದಿಂದ. ಮಸೀದಿಯಿಂದ ಬಂದು ಕೂತವರು ಏಳಲಿಲ್ಲ. ಮಗಳು ಬಂದು ಮನೆ ಖಾಲಿ ಮಾಡಿದಳು, ಆ ಡಬ್ಬ ನನ್ನ ಗರಾಜು ಸೇರಿತು. ಬಿಲ್ಲನ್ನು ರ‍್ಯಾಂಚಿನ ಗೆಳೆಯ ಒಯ್ದ. ಬಂದ ಹೊಸಬರು ಒಳ್ಳೆಯವರು, ಬೇಲಿಯ ಹಲಗೆಯನ್ನು ಸರಿಪಡಿಸಿಕೊಂಡರು. ನಾನು ಆಫೀಸು ಬಿಟ್ಟೆ. ಎಷ್ಟೋ ದಿನ ಕನ್ನಡದಲ್ಲಿ ಒಂದು ಮಾತೂ ಆಡದೆ ಸಂಜೆಯಾಗುತ್ತದೆ. ಅಕ್ಕನ ಜೊತೆಗಿನ ಜಗಳವೂ ಈಗ ಮೊದಲಿನಷ್ಟು ಜೋರಿಲ್ಲ.

ಒಂದು ಸಂಗತಿಯನ್ನು ಹೇಳಲೇಬೇಕು. ಆ ಜಿಂಕೆ ನಿಜವಾಗಿ ಎಷ್ಟು ದೂರದಲ್ಲಿತ್ತು? ಅಂದು ನನಗೆ ಅದು ನಮ್ಮ ಬೀದಿಯ ಅಗಲದಷ್ಟು ಅನಿಸಿತ್ತು. ಕೆಲವು ವರ್ಷಗಳ ಮೇಲೆ ಯೋಚಿಸಿದಾಗ, ನನ್ನ ಅಡುಗೆಮನೆಯ ಕಿಟಕಿಯಿಂದ ಅವರ ಅಡುಗೆಮನೆಯ ಕಿಟಕಿಯಷ್ಟು. ಈಚೆಗೆ ಅದರ ಮೂಗಿನ ಒದ್ದೆಯೂ, ಕಿವಿಯ ಮೇಲೆ ಕೂತ ನೊಣವೂ ಕಾಣುತ್ತದೆ. ಅಷ್ಟು ಹತ್ತಿರ ಅದು ಬಂದಿರಲಾರದು. ನಾನು ಕಂಡಿರಲಾರೆನೆಂದು ಗೊತ್ತಿದ್ದೂ ಕಾಣುತ್ತಿದ್ದೇನೆ. ಚಾಚಾ ನನ್ನನ್ನು ನೋಯಿಸಬಾರದೆಂದು ದೂರ ಎಂದರೇ, ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳಲು ಎಂದರೇ, ಅಥವಾ ಅದು ನಿಜಕ್ಕೂ ದೂರವಿತ್ತೇ? ಅಳತೆ ಗೊತ್ತಿದ್ದವರು ಅವರೊಬ್ಬರೇ.

ಎಲೆಗಳ ವಾಸನೆ ಮೂಗಿನಿಂದ ಇಳಿಯದೆ ಇದ್ದ ಆ ಸಂಜೆ ನಾನು ವಾಲ್ನಟ್ ಕ್ರೀಕಿಗೆ, ಚಾಚಾ ಅವರ ಮಗಳಿಗೆ ಫೋನು ಮಾಡಿದೆ. ಹಬ್ಬಕ್ಕೊಮ್ಮೆ ಮಾತಾಡುವ ರೂಢಿ ಇದೆ, ಇದು ಯಾವ ಹಬ್ಬವೂ ಅಲ್ಲ. ಡಬ್ಬ ಸಿಕ್ಕಿತೆಂದೆ. ಅವಳು ಮಕ್ಕಳ ಬಗ್ಗೆ, ಕೆಲಸದ ಬಗ್ಗೆ ಹೇಳಿದಳು. ಆಮೇಲೆ, ಇಷ್ಟು ವರ್ಷ ಕೇಳಬೇಕೆಂದಿದ್ದೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು: ಬಿಲ್ಲು ಬಿಡಿಸಲು ನಿಮ್ಮ ಬೆನ್ನು ಹತ್ತಿದವಳು ನಾನೇ. ಕೊನೆಯ ದಿನ ನೀವಿಬ್ಬರೂ ಹೋಗಿದ್ದಿರಿ, ಒಂದು ಜಿಂಕೆ ಬಂದಿತ್ತು ಎಂದು ಅಬ್ಬಾ ಹೇಳಿದ್ದರು. ಅವರು ಬೇರೇನೂ ಹೇಳಲಿಲ್ಲ.

"ಆಂಟಿ, ವಾಸ್ ಇಟ್ ಕ್ಲೋಸ್?"

ನನ್ನ ಕಣ್ಣ ಮುಂದೆ ಅದು ನಿಂತೇ ಇತ್ತು, ಕಿವಿಯ ಮೇಲಿನ ನೊಣದ ಸಮೇತ.

"ಇಲ್ಲವಾ" ಎಂದೆ. "ಭಾಳ ದೂರ ಇತ್ತು. ಬಿಲ್ಲು ಇದ್ರೂ ಬಿಡತಿರಲಿಲ್ಲ ಅಂದ್ರು."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ, ನಾನು ಅವಳ ಬಾಯಲ್ಲಿ ಅದುವರೆಗೆ ಕೇಳಿರದ ಕನ್ನಡದಲ್ಲಿ, ಬಿಜಾಪುರದ ಅದೇ ಎಳೆತದಲ್ಲಿ, ಎಲ್ಲಿ ತಪ್ಪಾಗುತ್ತದೋ ಎಂಬಂತೆ ಮೆಲ್ಲಗೆ ಅಂದಳು: "ಛಲೋ ಆತು."

ಫೋನಿಟ್ಟ ಮೇಲೂ ನಾನು ಗರಾಜಿನಲ್ಲಿಯೇ ನಿಂತಿದ್ದೆ. ಆ ಎರಡು ಪದಗಳನ್ನು ಆ ದನಿಯಲ್ಲಿ ಹೇಳುವವರು ಇನ್ನು ಯಾರೂ ಇಲ್ಲವೆಂದುಕೊಂಡಿದ್ದೆ. ಇದ್ದಾರೆ. ನನಗೆ ಅದನ್ನು ಹೇಳಬೇಕಾಗಿದ್ದ ಚಾಚಾ ಇಲ್ಲ.